ಚುಕ್ಕಿಯಾಚೆಗಿನ ಎರಡು ಅಂಕಿ

ಬೂಕನಕೆರೆ
೬ ಫೆಬ್ರವರಿ ೧೯೯೪

ಶೋಯಬ್ ಅವರಿಗೆ,

ಪ್ರಮೀಳಾ ಬರೆಯುವುದು. ನಾವೆಲ್ಲ ಚೆನ್ನಾಗಿದ್ದೇವೆ, ನಿಮ್ಮ ಯಂತ್ರವೂ ಚೆನ್ನಾಗಿದೆ. ತಮ್ಮ ದಿಲೀಪ ಅದನ್ನು ಶ್ರೀರಂಗಪಟ್ಟಣದಿಂದ ತೊಡೆಯ ಮೇಲಿಟ್ಟುಕೊಂಡೇ ತಂದ. ಪಾಂಡವಪುರದಲ್ಲಿ ಬಸ್ಸು ಬದಲಿಸುವಾಗ ಪಕ್ಕದಲ್ಲಿದ್ದ ಅಜ್ಜಿ, "ಮಗೀಗೆ ಎಷ್ಟು ತಿಂಗ್ಳಪ್ಪ?" ಅಂತ ಕೇಳಿತಂತೆ. ಅಷ್ಟು ಬಟ್ಟೆ ಸುತ್ತಿದ್ದ.

ಡಿಪ್ಲೊಮಾದಲ್ಲಿ ದಿಲೀಪನ ಜೊತೆ ಓದಿದ ಹುಡುಗ ನಮ್ಮ ಮಹಿಳಾ ಹಾಲಿನ ಸೊಸೈಟಿಗೆ ಯಂತ್ರ ಮಾಡಿಕೊಡುತ್ತಾನೆ ಎಂದಾಗ ಯಾರೂ ನಂಬಿರಲಿಲ್ಲ. ಈಗ ಸಾಲಿನಲ್ಲಿ ನಿಂತವರೆಲ್ಲ ಅದರ ಕೆಂಪು ಅಂಕಿಗಳನ್ನು ನೋಡಲು ಕತ್ತು ಉದ್ದ ಮಾಡುತ್ತಾರೆ. ನಮ್ಮ ಕುಳ್ಳಮ್ಮ, ಬಾಯಿ ಸುಮ್ಮನಿರದ ಹೆಂಗಸು, "ಅಲ್ಲಾ, ಆಲು ಕುಡೀದೇನೇ ರುಚಿ ಯೋಳ್ತದಾ ಇದು?" ಅಂದಳು. ಹೇಳುತ್ತದೆ ಎಂದೆ.

ಎಷ್ಟು ಸೂಕ್ಷ್ಮವಾಗಿ ಅಳೆಯಬೇಕು ಎಂದು ನೀವು ಮೊದಲೇ ಕೇಳಿದ್ದಿರಿ. ನೀರು ಬೆರೆತಿದೆಯೋ ಇಲ್ಲವೋ ತಿಳಿದರೆ ಸಾಕು ಎಂದಿದ್ದೆ. ನೀವು ನೋಡಿದರೆ ಚುಕ್ಕಿಯಾಚೆಗೆ ಎರಡು ಅಂಕಿ ಕೊಟ್ಟಿದ್ದೀರಿ! ಹಾಲಿನ ಗಟ್ಟಿ ಅಂಶ ನೂರಕ್ಕೆ ಎಂಟಕ್ಕಿಂತ ಕೆಳಗಿಳಿದರೆ ಹಾಲು ತೆಗೆದುಕೊಳ್ಳಬಾರದು ಎಂಬುದು ನಮ್ಮ ನಿಯಮ. ಇಲ್ಲಿ ೮.೪೦ ಎಂದು ಬೆಳಗಿದರೆ ಆ ಸೊನ್ನೆಯನ್ನೂ ಬಿಡದೆ ಓದುತ್ತೇನೆ. ಅಂಕಿಯನ್ನು ಎಲ್ಲರಿಗೂ ಕೇಳುವಂತೆ ಜೋರಾಗಿ ಓದುವುದು ನಮ್ಮ ಸೊಸೈಟಿ ಶುರುವಾದಾಗಿನಿಂದ ಬಂದ ಪದ್ಧತಿ, ಒಳಗೊಂದು ಹೊರಗೊಂದು ಆಗಬಾರದೆಂದು. ಹಾಲಿನಲ್ಲಿ ತೇಲಿಬಿಡುವ ಗಾಜಿನ ಕೊಳವೆ, ಹಳೆಯ ಲ್ಯಾಕ್ಟೋಮೀಟರು, ಮೊನ್ನೆ ಕೈಜಾರಿ ಒಡೆಯಿತು. ಅದರಲ್ಲಿ ಕಣ್ಣು ಕಿರಿದು ಮಾಡಿ ನೋಡಬೇಕಿತ್ತು. ಅಷ್ಟೇನೂ ಬೇಸರವಾಗಲಿಲ್ಲ.

ನಮ್ಮ ಅತ್ತೆ ಬೆಟ್ಟಮ್ಮನವರೂ ಒಂದು ಹಸುವಿನ ಹಾಲು ಹಾಕುತ್ತಾರೆ. ಅವರು ಬಂದಾಗ ನಾನು ಕುರ್ಚಿಯಿಂದ ಏಳಲು ಹೋದರೆ, "ಕೂತ್ಕೊ. ಇಲ್ಲಿ ನೀನು ಸೆಕ್ರೆಟ್ರಿ, ಮನೇಲಿ ಸೊಸೆ" ಎನ್ನುತ್ತಾರೆ.

ನಿಮ್ಮ ತಂದೆ ತಾಯಿಗೆ ನಮಸ್ಕಾರ ತಿಳಿಸಿ.

ಪ್ರಮೀಳಾ


ಶ್ರೀರಂಗಪಟ್ಟಣ
೧೪ ಫೆಬ್ರವರಿ ೧೯೯೪

ಪ್ರಮೀಳಾ ಅಕ್ಕನವರಿಗೆ,

ನಿಮ್ಮ ಕಾಗದವನ್ನು ಅಂಗಡಿಯಲ್ಲಿ ಜೋರಾಗಿ ಓದಿದೆ. ನಮ್ಮ ತಂದೆ ಅಹಮದ್ ಪಾಷಾ ಮದುವೆಗೆ ಮೈಕ್‌ಸೆಟ್ ಬಾಡಿಗೆಗೆ ಕೊಡುವವರು, ಮೂಲೆಯ ಒಂದು ಮೇಜು ನನ್ನದು. ಅವರು ಇಷ್ಟು ದಿನ ನಾನು ಅಲ್ಲಿ ಆಟದ ಸಾಮಾನು ಮಾಡುತ್ತಿದ್ದೇನೆ ಅಂದುಕೊಂಡಿದ್ದರು. ಈಗ ಬಂದವರಿಗೆಲ್ಲ, "ನಮ್ಮ ಬೇಟಾ ಮಾಡಿರೋ ಮಿಷನ್ನು, ಸದ್ದಿನಲ್ಲೇ ಹಾಲು ಅಳೀತದೆ" ಎಂದು ಹೇಳುತ್ತಿದ್ದಾರೆ. ಮೈಕ್ ಕೇಳಲು ಬಂದವರು ಹಾಲಿನ ಕಥೆ ಕೇಳಿ ಹೋಗುತ್ತಾರೆ.

ತಂದೆ ಹೇಳುವುದು ಸುಳ್ಳಲ್ಲ. ಬಟ್ಟಲಿನ ಒಂದು ಗೋಡೆಯಿಂದ ಕಿವಿಗೆ ಕೇಳದಷ್ಟು ಸಣ್ಣ ಸದ್ದು ಹೊರಡುತ್ತದೆ, ಹಾಲನ್ನು ದಾಟಿ ಆಚೆ ಗೋಡೆಗೆ ತಾಗುತ್ತದೆ. ಗಟ್ಟಿ ಹಾಲಿನಲ್ಲಿ ಬೇಗ ದಾಟುತ್ತದೆ, ನೀರು ಸೇರಿದರೆ ಒಂದು ಕೂದಲಿನಷ್ಟು ನಿಧಾನ. ತಾಗಿದ ತಕ್ಷಣ ಇನ್ನೊಂದು ಸದ್ದನ್ನು ಓಡಿಸುತ್ತೇನೆ. ಹೀಗೆ ಹತ್ತು ಸುತ್ತು. ಆ ಹತ್ತು ಸುತ್ತಿಗೆ ಎಷ್ಟು ಹೊತ್ತು ಹಿಡಿಯಿತು ಎಂದು ಒಳಗಿರುವ ಮೈಕ್ರೊಕಂಟ್ರೋಲರ್ ಎಂಬ ಚಿಪ್ಪು ಎಣಿಸುತ್ತದೆ. ಅದರ ಟೈಮರಿನ ಒಂದು ಎಣಿಕೆ ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ಮನುಷ್ಯರ ಕೈಯಲ್ಲಿ ಆಗುವ ಕೆಲಸವೇ ಅದು!

ಅಂಕಿಗಳಿಗೆ ಮೂರು ಮನೆ ಇರುವ ಪಟ್ಟಿ ನನ್ನ ಬಳಿ ಇತ್ತು. ಖಾಲಿ ಬಿಡುವುದೇಕೆಂದು ಮೂರನ್ನೂ ತುಂಬಿಸಿದೆ. ನಿಮಗೆ ಇಷ್ಟವಾಯಿತಲ್ಲ, ಸಂತೋಷ.

ಶೋಯಬ್


ಬೂಕನಕೆರೆ
೯ ಮಾರ್ಚ್ ೧೯೯೪

ಶೋಯಬ್ ಅವರಿಗೆ,

ಒಂದು ವಿಷಯ ಕೇಳಬೇಕು.

ನಮ್ಮಲ್ಲಿ ಹಾಲು ಹಾಕುವ ಹಿರಿಯರೊಬ್ಬರಿದ್ದಾರೆ. ಸೊಸೈಟಿ ಶುರುವಾದಾಗಿನಿಂದ ಹಾಕುತ್ತಿದ್ದಾರೆ, ಒಮ್ಮೆಯೂ ಒಬ್ಬರಿಂದಲೂ ಮಾತು ಕೇಳಿದವರಲ್ಲ. ಕಳೆದ ವಾರ ಅವರ ಹಾಲಿಗೆ ೭.೪೦ ಬಂತು. ಮರುದಿನವೂ ಅದೇ, ಅದರ ಮರುದಿನವೂ ಅದೇ. ನಿಯಮದ ಪ್ರಕಾರ ವಾಪಸು ಕಳಿಸಿದೆವು. ಆಮೇಲೆ ಅವರು ಡೈರಿಗೆ ಬಂದಿಲ್ಲ.

ಯಂತ್ರ ತಪ್ಪು ಹೇಳುವುದು ಉಂಟೇ? ಉಂಟೆಂದರೆ ಯಾವಾಗ ಹೇಳುತ್ತದೆ? ಆದಷ್ಟು ಬೇಗ ತಿಳಿಸಿ.

ಪ್ರಮೀಳಾ


ಶ್ರೀರಂಗಪಟ್ಟಣ
೧೫ ಮಾರ್ಚ್ ೧೯೯೪

ಪ್ರಮೀಳಾ ಅಕ್ಕನವರಿಗೆ,

ಹೆದರಬೇಡಿ. ಹಾಲು ಬೆಚ್ಚಗಿದ್ದರೆ ತೊಂದರೆ, ತೊಟ್ಟಿಯ ನೀರಿನಲ್ಲಿ ಪಾತ್ರೆ ಇಟ್ಟು ತಣಿಸಿ ಅಳೆಯಿರಿ. ನೊರೆ ಇದ್ದರೆ ತೊಂದರೆ, ನೊರೆ ಕೂರುವವರೆಗೆ ಕಾಯಿರಿ. ಬಟ್ಟಲಿನ ಗೋಡೆಗೆ ಹಿಂದಿನವರ ಹಾಲು ಅಂಟಿರಬಾರದು. ಇಷ್ಟು ನೋಡಿಕೊಂಡರೆ ಅದು ಹೇಳಿದ್ದೇ ಸರಿ.

ಮೂರು ದಿನವೂ ೭.೪೦ ಬಂದಿದೆ ಎಂದರೆ ಯಂತ್ರ ಗಟ್ಟಿಯಾಗಿ ನಿಂತು ಹೇಳುತ್ತಿದೆ ಎಂದರ್ಥ. ಆ ಅಜ್ಜಿ ಬರುವ ದಾರಿಯಲ್ಲಿ ಹೇಮಾವತಿ ಕಾಲುವೆಯೇನಾದರೂ ಇದೆಯೇ ನೋಡಿ! ಎಷ್ಟು ವರ್ಷದಿಂದ ಕಾಲುವೆಯ ಹತ್ತಿರ ಸುಧಾರಿಸಿಕೊಳ್ಳುತ್ತಿದ್ದರೋ, ಈಗ ಸಿಕ್ಕಿಬಿದ್ದರು. ಊರಿನಲ್ಲಿ ಎಲ್ಲರೂ ಎಲ್ಲರಿಗೂ ನೆಂಟರು, ಅದಕ್ಕೇ ಯಾರೂ ಯಾರನ್ನೂ ಏನೂ ಅನ್ನುವುದಿಲ್ಲ. ಯಂತ್ರಕ್ಕೆ ನೆಂಟರಿಲ್ಲ, ಅದೇ ಅದರ ದೊಡ್ಡ ಗುಣ.

ನಾಗಮಂಗಲದ ಕಡೆಯ ಒಂದು ಸೊಸೈಟಿಯವರು ನಿಮ್ಮಲ್ಲಿಗೆ ಬಂದು ಯಂತ್ರ ನೋಡಬೇಕು ಎನ್ನುತ್ತಿದ್ದಾರೆ. ಕಳಿಸಲೇ?

ಶೋಯಬ್


ಬೂಕನಕೆರೆ
೨ ಏಪ್ರಿಲ್ ೧೯೯೪

ಶ್ರೀ ಶೋಯಬ್ ಅವರಿಗೆ,

ನಿಮ್ಮ ಕಾಗದ ತಲುಪಿ ಬಹಳ ದಿನವಾಯಿತು. ಹಾಲು ತಣಿಸಿಯೇ ಅಳೆದಿದ್ದೆವು. ನೊರೆ ಇರಲಿಲ್ಲ. ಬಟ್ಟಲನ್ನು ನಾನೇ ತೊಳೆಯುತ್ತೇನೆ. ಅವರು ಬರುವ ದಾರಿಯಲ್ಲಿ ಕಾಲುವೆ ಇಲ್ಲ.

ನಾಗಮಂಗಲದವರನ್ನು ಸದ್ಯಕ್ಕೆ ಕಳಿಸಬೇಡಿ.

ಪ್ರಮೀಳಾ


ಶ್ರೀರಂಗಪಟ್ಟಣ
೮ ಏಪ್ರಿಲ್ ೧೯೯೪

ಪ್ರಮೀಳಾ ಅಕ್ಕನವರಿಗೆ,

ನಿಮ್ಮ ಕಾಗದ ಇಷ್ಟು ಚಿಕ್ಕದಾಗಿ ಬಂದದ್ದು ನೋಡಿ, ನಾಗಮಂಗಲದ ಸೊಸೈಟಿಗೂ ನಿಮಗೂ ಏನೋ ಜಗಳ ಇರಬೇಕು ಅಂದುಕೊಂಡೆ. ತಾಯಿ ಅಕ್ಬರಿ ಬೇಗಂ ಅಕ್ಕಿ ಆರಿಸುತ್ತ ಕೂತಿದ್ದರು. ಹಿಂದಿನ ಕಾಗದಗಳನ್ನೂ ಓದು ಅಂದರು, ಓದಿದೆ. ನಾನು ನಿಮಗೆ ಬರೆದದ್ದು ಏನೆಂದೂ ಕೇಳಿದರು, ಕಾಲುವೆಯ ಮಾತು ಹೇಳಿದೆ. ಅಕ್ಕಿ ಆರಿಸುವ ಕೈ ನಿಂತುಹೋಯಿತು.

"ಅರೆ ಪಾಗಲ್," ಅಂದರು, "ಊರಿನ ಒಂದು ಮುದುಕಿ ಹಾಲಿಗೆ ಇಷ್ಟು ಕಾಗದ ಯಾರಪ್ಪಾ ಬರೀತಾರೆ? ಆ ಮುದುಕಿ ಆಯಮ್ಮನ ಮನೇಲೇ ಅದೆ."

ಅಕ್ಕ, ಅದು ನಿಜವಾಗಿದ್ದರೆ, ಆ ತಮಾಷೆಯನ್ನು ಬರೆದ ಕೈಗೆ ಏನು ಹೇಳಬೇಕೋ ಹೇಳಿ. ನಿಜವಲ್ಲದಿದ್ದರೂ ಅದು ಬರೆಯುವಂಥ ಮಾತಾಗಿರಲಿಲ್ಲ. ಅಲ್ಲಿ ನಡೆದದ್ದನ್ನು ಪೂರ್ತಿ ಬರೆಯಿರಿ. ಯಂತ್ರದ ಮಾತು ಬೇಡ, ಮನುಷ್ಯರದ್ದನ್ನು ಬರೆಯಿರಿ.

ಶೋಯಬ್


ಬೂಕನಕೆರೆ
೧೭ ಏಪ್ರಿಲ್ ೧೯೯೪

ಶೋಯಬ್,

ನಿಮ್ಮ ತಾಯಿ ಹೇಳಿದ್ದು ಸರಿ. ಅದು ನಮ್ಮ ಅತ್ತೆ.

ಹೆಸರು ಯಾಕೆ ಬರೆಯಲಿಲ್ಲ ಎಂದರೆ, ಸೊಸೆ ಅತ್ತೆಯ ಪರವಾಗಿ ವಕಾಲತ್ತು ಮಾಡುತ್ತಿದ್ದಾಳೆ ಎಂದು ನಿಮಗೆ ಅನ್ನಿಸಬಾರದು ಎಂದು. ಊರಿನಲ್ಲೂ ಅದೇ ಭಯ. ಯಜಮಾನರು ಚಲುವರಾಜು ಅಮ್ಮನ ಕಡೆ ಮಾತಾಡುವ ಹಾಗಿಲ್ಲ, ನನ್ನ ಕಡೆಯೂ ಮಾತಾಡುವ ಹಾಗಿಲ್ಲ. ಗದ್ದೆಗೆ ಹೋದವರು ಕತ್ತಲಾದ ಮೇಲೆಯೇ ಬರುತ್ತಾರೆ.

ನಡೆದದ್ದು ಹೀಗೆ. ಮೊದಲ ದಿನ ೭.೪೦ ಬಂದಾಗ ನಾನು ಓದಲು ತಡವರಿಸಿದೆ. ಅತ್ತೆಯೇ, "ಓದವ್ವ, ಎಲ್ರುದ್ದೂ ಓದ್ತೀಯಲ್ಲ" ಅಂದರು. ಓದಿದೆ. ಎರಡನೆಯ ದಿನ ಕುಳ್ಳಮ್ಮ ಸಾಲಿನಿಂದ, "ಸೊಸೆ ಮುಂದ್ಗಡೆ ಕೂತವ್ಳೆ ಅಂತ ಅತ್ತೆ ಕೈ ಒಸಿ ಸಡ್ಲ ಬುಟ್ಟವ್ಳೆ" ಅಂದಳು. ನಾಲ್ಕು ಜನ ನಕ್ಕರು. ಮೂರನೆಯ ದಿನ ಅತ್ತೆ ನನ್ನ ಮುಖವನ್ನೇ ನೋಡಿ ಕೇಳಿದರು.

"ನಾನು ನೀರಾಕಿವ್ನಿ ಅಂತ ನೀನೂ ಅಂತೀಯಾ?"

"ನಾನು ಅಂತಿಲ್ಲ ಅತ್ತೆ, ಮಿಷನ್ ಅಂತದೆ" ಅಂದೆ.

ಅಷ್ಟೇ. ಅವರು ಚೊಂಬು ಎತ್ತಿಕೊಂಡು ಹೋದರು. ಮರುದಿನ ನಾಗಮಂಗಲದಲ್ಲಿರುವ ಮಗಳು ಚಲುವಮ್ಮನ ಮನೆಗೆ ಹೊರಟರು. ಜಗಳವಿಲ್ಲ, ಬೈಗುಳವಿಲ್ಲ. ಬಸ್ಸು ಹತ್ತುವಾಗ ಹಸುವಿನ ಬಗ್ಗೆ ಮಾತ್ರ ಹೇಳಿದರು, ಅದಕ್ಕೆ ಬಲಗಡೆ ಕೂತರೆ ಆಗುವುದಿಲ್ಲ ಅಂತ. ನಾಗಮಂಗಲದ ನಿಮ್ಮ ಗಿರಾಕಿಗಳನ್ನು ಬೇಡ ಎಂದದ್ದೂ ಇದಕ್ಕೇ. ಈ ಸುದ್ದಿ ಅವರ ಬೆನ್ನಿಗೇ ಆ ಊರನ್ನೂ ಸೇರುವುದು ಬೇಡ ಅನ್ನಿಸಿತು.

ಇನ್ನೊಂದು ಮಾತಿದೆ, ಅದನ್ನು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ಅತ್ತೆ ಒಣ ಪಾತ್ರೆಗೆ ಹಾಲು ಕರೆಯುವುದಿಲ್ಲ. ಒಣ ಪಾತ್ರೆಗೆ ಕರೆದರೆ ಹಸುವಿಗೆ ಬತ್ತುವ ದೋಷ ತಟ್ಟುತ್ತದೆ ಎಂದು ಅವರ ಅತ್ತೆ ಕಲಿಸಿದ್ದಂತೆ. ಚೊಂಬಿಗೆ ಒಂದು ಬೊಗಸೆ ನೀರು ಬಿಟ್ಟು, ಅದರ ಮೇಲೆ ಕರೆಯುತ್ತಾರೆ. ಮದುವೆಯಾಗಿ ಬಂದ ದಿನದಿಂದ ನೋಡುತ್ತಿದ್ದೇನೆ. ೭.೪೦ ಕಂಡಾಗ ನನ್ನ ಕಣ್ಣಿಗೆ ಬಂದದ್ದು ಆ ಬೊಗಸೆ. ಅದಕ್ಕೇ ನನ್ನ ಬಾಯಿಂದ ಬೇರೆ ಮಾತು ಬರಲಿಲ್ಲ. ಯಂತ್ರ ಹೇಳಿದ್ದನ್ನು ನಾನು ಅರ್ಧ ನಂಬಿದ್ದೆ ಶೋಯಬ್.

ಈಗ ಹಸು ನನ್ನ ಪಾಲಿಗೆ ಬಂದಿದೆ. ಮೊದಲೆರಡು ದಿನ ಸೊರವನ್ನೇ ಬಿಡಲಿಲ್ಲ, ಕೆಚ್ಚಲಿಗೆ ಹಾಲು ಇಳಿಯಲೇ ಇಲ್ಲ. ಆಮೇಲೆ ಅತ್ತೆಯ ಹಳೆಯ ಸೀರೆ ಹೊದ್ದು ಕೂತೆ. ನಂಬಿತೋ, ಪಾಪ ಎಂದುಕೊಂಡಿತೋ, ಹಾಲು ಬಿಟ್ಟಿತು. ನಿನ್ನೆ ಒಣ ಪಾತ್ರೆಗೆ ಕರೆದು ಡೈರಿಗೆ ಒಯ್ದೆ, ಎಲ್ಲರೂ ಹೋದ ಮೇಲೆ ಅಳೆದೆ. ೮.೪೦ ಬಂತು. ಒಂದು ಬೊಗಸೆ ನೀರು ಬಿಟ್ಟು ಅಳೆದೆ. ೭.೪೦. ಅಯ್ಯೋ, ಹಾಗಾದರೆ ಆ ಬೊಗಸೆಯೇ ಎಂದುಕೊಂಡೆ. ಹೇಗೂ ಆ ಹಾಲು ಮನೆಗೇ ಅಲ್ಲವೆ ಎಂದು ಇನ್ನೊಂದು ಬೊಗಸೆ ಬಿಟ್ಟೆ. ಮತ್ತೆ ೭.೪೦. ಇನ್ನೊಂದು ಬಿಟ್ಟೆ. ೭.೪೦.

ಮೊದಲ ಬೊಗಸೆಗೆ ಅಷ್ಟು ಇಳಿದದ್ದು ಆಮೇಲಿನವಕ್ಕೆ ಒಂದು ಸೊನ್ನೆಯಷ್ಟೂ ಇಳಿಯಲಿಲ್ಲ. ಒಂದೇ ಬೊಗಸೆ, ಒಂದೇ ಬಾವಿಯ ನೀರು. ಇದು ಹೇಗೆ?

ಪ್ರಮೀಳಾ


ಶ್ರೀರಂಗಪಟ್ಟಣ
೨೨ ಏಪ್ರಿಲ್ ೧೯೯೪

ಅಕ್ಕ,

ನಿಮ್ಮ ಮೂರು ಬೊಗಸೆಗಳನ್ನು ಓದಿದ ಕೂಡಲೇ ನನಗೆ ಗೊತ್ತಾಯಿತು. ಹೇಗೆಂದು ಹೇಳಲು ಒಂದು ಕಥೆ ಕಟ್ಟಿದ್ದೇನೆ, ಕೇಳಿ.

ಒಂದು ಕೋಟೆಯ ಬಾಗಿಲಿಗೆ ಒಬ್ಬ ಕಾವಲುಗಾರ. ಅವನಿಗೊಂದು ಕಾಯಿಲೆ. ಕಣ್ಣು ಮುಚ್ಚಿಯೇ ಇರುತ್ತಾನೆ, ಗಂಟೆ ಹೊಡೆದಾಗ ಮಾತ್ರ ಒಮ್ಮೆ ತೆರೆಯುತ್ತಾನೆ. ಗಂಟೆ ಹೊಡೆದ ಕೂಡಲೇ ಬಂದವನೂ, ಮುಂದಿನ ಗಂಟೆಗೆ ಚೂರು ಮುಂಚೆ ಬಂದವನೂ ಅವನ ಲೆಕ್ಕದಲ್ಲಿ ಒಟ್ಟಿಗೇ ಬಂದವರು. ಆ ಮುಂದಿನ ಗಂಟೆ ಹೊಡೆದ ಮರುಕ್ಷಣ ಬಂದ ಬಡಪಾಯಿ ಮಾತ್ರ ಒಂದು ಗಂಟೆ ತಡ. ಕಾವಲುಗಾರ ಸುಳ್ಳುಗಾರನಲ್ಲ. ಅವನಿಗೆ ಕಂಡದ್ದೇ ಅಷ್ಟು.

ನಮ್ಮ ಚಿಪ್ಪಿನ ಟೈಮರು ಆ ಕಾವಲುಗಾರ. ಅದು ಕಣ್ಣು ತೆರೆಯುವುದು ಸೆಕೆಂಡಿಗೆ ಹತ್ತು ಲಕ್ಷ ಸಲ. ಅದಕ್ಕಿಂತ ಬೇಗ ತೆರೆಯಲು ಅದಕ್ಕೆ ತಾಳ ಹಾಕುವ ಹರಳಿಗೆ ಶಕ್ತಿಯಿಲ್ಲ. ನಾನು ಅದನ್ನು ಮಹಾ ಸೂಕ್ಷ್ಮ ಎಂದು ಜಂಬ ಕೊಚ್ಚಿದ್ದೆ. ಆದರೆ ಹಾಲಿಗೂ ನೀರುಹಾಲಿಗೂ ಇರುವ ವ್ಯತ್ಯಾಸ ಅದಕ್ಕಿಂತಲೂ ಸಣ್ಣದು. ಹತ್ತು ಸುತ್ತು ಓಡಿಸಿದರೂ, ಗಟ್ಟಿ ಅಂಶದ ಒಂದು ಪೂರ್ತಿ ಅಂಕಕ್ಕೆ ಒಂದೇ ಒಂದು ಎಣಿಕೆ. ಅಂದರೆ ಈ ಯಂತ್ರಕ್ಕೆ ಗೊತ್ತಿರುವುದು ೭.೪೦, ೮.೪೦, ೯.೪೦, ಅಷ್ಟೇ. ನಡುವಿನ ಹಾಲೆಲ್ಲ ಕೆಳಗಿನ ಮೆಟ್ಟಿಲಿಗೆ ಜಾರುತ್ತದೆ. ಸೊಸೈಟಿಗೆ ನಷ್ಟವಾಗದಿರಲೆಂದು ಕೆಳಗಿನ ಮೆಟ್ಟಿಲನ್ನೇ ತೋರಿಸುವಂತೆ ಇಟ್ಟವನು ನಾನೇ. ನಿಮ್ಮ ಅತ್ತೆಯವರ ಹಾಲು ಎಂಟೂಕಾಲರ ಮೇಲೇ ಇದ್ದಿರಬೇಕು. ನಿಯಮಕ್ಕಿಂತ ಮೇಲೆ. ಬೇಸಿಗೆಗೆ ಹಸಿ ಮೇವು ಕಡಿಮೆಯಾಗಿ ಹಾಲು ಚೂರು ತೆಳುವಾಗಿರಬೇಕು, ಒಂದು ಬೊಗಸೆ ಅದನ್ನು ಮೆಟ್ಟಿಲ ಅಂಚಿನಿಂದ ಆಚೆಗೆ ತಳ್ಳಿದೆ, ಅಷ್ಟೇ.

ನೀವು ಹೌದು ಇಲ್ಲ ತಿಳಿದರೆ ಸಾಕು ಎಂದಿರಿ, ನಾನು ಇಷ್ಟು ಸಾಕು ಎಂದುಕೊಂಡೆ. ಅಲ್ಲಿಯವರೆಗೆ ಇಬ್ಬರ ಮಾತೂ ಸರಿಯೇ. ಕೆಟ್ಟದ್ದು ಚುಕ್ಕಿಯಾಚೆಯ ಆ ಎರಡು ಅಂಕಿಗಳಿಂದ. ಬರೀ ಏಳು ಎಂದು ತೋರಿಸಿದ್ದರೆ ನೀವೇ ಅನುಮಾನ ಪಡುತ್ತಿದ್ದಿರಿ. ೭.೪೦ ಎಂದು ಬೆಳಗಿದಾಗ ಯಾರು ಎದುರಾಡುತ್ತಾರೆ? ಗೊತ್ತಿಲ್ಲದ್ದನ್ನು ಗೊತ್ತಿದೆ ಎಂಬಂತೆ ಹೇಳಲು ನಾನೇ ಅದಕ್ಕೆ ಕಲಿಸಿದ್ದೆ.

ದಾರಿ ಇದೆ. ಕಾವಲುಗಾರನ ಕಣ್ಣನ್ನು ಸರಿಮಾಡಲು ಆಗುವುದಿಲ್ಲ. ಆದರೆ ಮೆರವಣಿಗೆಯನ್ನು ಉದ್ದ ಮಾಡಬಹುದು. ಹತ್ತು ಸುತ್ತಿನ ಬದಲು ಸಾವಿರ ಸುತ್ತು ಓಡಿಸಿದರೆ ಕೂದಲಿನಷ್ಟು ವ್ಯತ್ಯಾಸಗಳೆಲ್ಲ ಕೂಡಿ ಕೂಡಿ ಹಗ್ಗದಷ್ಟು ದಪ್ಪವಾಗುತ್ತವೆ. ಕೊನೆಯಲ್ಲಿ ಅವನು ಒಂದು ರೆಪ್ಪೆ ತಪ್ಪಿದರೂ ಚಿಂತೆಯಿಲ್ಲ. ಟೈಮರಿನ ಬುಟ್ಟಿಯಲ್ಲಿ ಅರವತ್ತೈದು ಸಾವಿರ ಎಣಿಕೆ ಹಿಡಿಯುತ್ತದೆ, ನಾನು ಐನೂರಕ್ಕೇ ನಿಲ್ಲಿಸಿದ್ದೆ. ಸುತ್ತು ಹೆಚ್ಚಾದರೆ ನಡುವೆ ಒಂದು ಗುಳ್ಳೆ ಬಂದರೂ ಲೆಕ್ಕವೆಲ್ಲ ಹಾಳು ಎಂಬ ಭಯವಿತ್ತು. ಗುಳ್ಳೆ ಬಂದರೆ ಮತ್ತೆ ಮೊದಲಿನಿಂದ ಎಣಿಸುವಂತೆ ಬರೆಯಬಹುದು.

ಆದರೆ ಹೊಸ ಪ್ರೋಗ್ರಾಮು ಬರೆಯಲು ಚಿಪ್ಪಿನಲ್ಲಿರುವ ಹಳೆಯದನ್ನು ಅಳಿಸಬೇಕು. ನಿಮ್ಮ ಯಂತ್ರದಲ್ಲಿ ಇರುವಂಥದೇ ಇನ್ನೊಂದು ಚಿಪ್ಪು ನನ್ನಲ್ಲಿದೆ. ಅದರ ಬೆನ್ನ ಮೇಲೊಂದು ಪುಟ್ಟ ಕಿಟಕಿ. ಅದರೊಳಗೆ ಬಿಸಿಲು ಬಿದ್ದರೆ ವಾರವೊಂದರಲ್ಲಿ ಬರೆದದ್ದೆಲ್ಲ ಅಳಿದುಹೋಗುತ್ತದೆ. ಬೇಗ ಅಳಿಸುವ ದೀಪ ನನ್ನ ಬಳಿ ಇಲ್ಲ. ತಾಯಿ ತಾರಸಿಯ ಮೇಲೆ ಸಂಡಿಗೆ ಇಟ್ಟಿದ್ದಾರೆ, ಅದರ ಪಕ್ಕದಲ್ಲೇ ಚಿಪ್ಪನ್ನೂ ಇಟ್ಟು ಬಂದಿದ್ದೇನೆ.

ಶೋಯಬ್


ಶ್ರೀರಂಗಪಟ್ಟಣ
೪ ಮೇ ೧೯೯೪

ಅಕ್ಕ,

ಒಂದು ವಾರ ನೀರಿನಲ್ಲಿ ಹೋಮ ಮಾಡಿದಂತಾಯಿತು. ಚಿಪ್ಪನ್ನು ಪಾಂಡವಪುರಕ್ಕೆ ಒಯ್ದಿದ್ದೆ, ಅಲ್ಲಿನ ಗೆಳೆಯನ ಬಳಿ ಬರೆಯುವ ಉಪಕರಣವಿದೆ. ಹಾಕಿ ನೋಡಿದರೆ ಹಳೆಯದು ಒಂದು ಅಕ್ಷರವೂ ಅಳಿದಿಲ್ಲ. ಮನೆಗೆ ಬಂದು ವಿಚಾರಿಸಿದಾಗ ತಿಳಿಯಿತು. ಕಾಗೆ ಎತ್ತಿಕೊಂಡು ಹೋದೀತೆಂದು ತಾಯಿ ದಿನವೂ ಅದರ ಮೇಲೆ ಗಾಜಿನ ಬಟ್ಟಲು ಬೋರಲು ಹಾಕಿದ್ದಾರೆ. ಬಿಸಿಲೇನೋ ಬೀಳುತ್ತಿತ್ತು, ಅಳಿಸುವ ಕಿರಣವನ್ನು ಮಾತ್ರ ಗಾಜು ತಡೆದುಬಿಟ್ಟಿದೆ.

ತಾಯಿಗೆ ನಿಮ್ಮ ಅತ್ತೆಯವರ ವಿಷಯ ಗೊತ್ತಲ್ಲ, ತನ್ನಿಂದ ತಡವಾಯಿತು ಎಂದು ಬಹಳ ನೊಂದುಕೊಂಡರು. ಈಗ ಬಟ್ಟಲು ತೆಗೆದು, ಕೋಲು ಹಿಡಿದು ತಾವೇ ಕಾವಲು ಕೂತಿದ್ದಾರೆ. ಇವರು ಕಣ್ಣು ಮುಚ್ಚುವ ಕಾವಲುಗಾರರಲ್ಲ. ಮೋಡ ಮಾತ್ರ ನಮ್ಮ ಕೈಯಲ್ಲಿಲ್ಲ.

ಶೋಯಬ್


ಬೂಕನಕೆರೆ
೧೦ ಮೇ ೧೯೯೪

ತಮ್ಮ ಶೋಯಬ್‌ಗೆ,

ನಿಧಾನವಾದರೂ ಪರವಾಗಿಲ್ಲ. ನಿಮ್ಮ ಕಥೆಯನ್ನು ಸಾಲಿನಲ್ಲಿ ಹೇಳಿದೆ. ಕಣ್ಣುಮುಚ್ಚುವ ಕಾವಲುಗಾರನ ಪಾತ್ರವನ್ನು ಕುಳ್ಳಮ್ಮ ಅಭಿನಯಿಸಿಯೇ ತೋರಿಸಿದಳು. ಯಂತ್ರಕ್ಕೆ ಬಟ್ಟೆ ಮುಚ್ಚಿದ್ದೇನೆ. ಕೆ.ಆರ್. ಪೇಟೆಯಿಂದ ಹೊಸ ಲ್ಯಾಕ್ಟೋಮೀಟರು ತರಿಸಿದೆವು, ಮತ್ತೆ ಕಣ್ಣು ಕಿರಿದು ಮಾಡಿಕೊಂಡು ನೋಡುತ್ತಿದ್ದೇನೆ.

ಮೊನ್ನೆ ನಾಗಮಂಗಲಕ್ಕೆ ಹೋಗಿದ್ದೆ. ಅತ್ತೆ ಹಸುವಿನ ಬಗ್ಗೆ ಕೇಳಿದರು, ಮೇವಿನ ಬಗ್ಗೆ ಕೇಳಿದರು, ತಮ್ಮ ಸೀರೆ ಹೊದ್ದು ಕರೆದೆ ಎಂದಾಗ ಮುಖ ತಿರುಗಿಸಿ ನಕ್ಕದ್ದು ನನಗೆ ಕಂಡಿತು. ಆ ಧೈರ್ಯದ ಮೇಲೆ ಹೇಳಿದೆ, ಯಂತ್ರದ್ದೇ ತಪ್ಪು ಅತ್ತೆ, ನಡೆಯಿರಿ ಮನೆಗೆ ಎಂದು. ಅವರು ರಾಗಿ ಕೇರುತ್ತಿದ್ದರು. ಮೊರ ಕೆಳಗಿಡದೆ ಹೇಳಿದರು:

"ಸಾಲ್ನಲ್ಲಿ ಆಡಿದ್ ಮಾತ್ನ ಒಲೆ ಮುಂದೆ ಕೂತು ವಾಪಸ್ ತಕ್ಕೊಂಡ್ರೆ ಆಯ್ತದಾ?"

ಆಗುವುದಿಲ್ಲ. ಅದು ನನಗೂ ಗೊತ್ತು. ನಾನು ತಪ್ಪೊಪ್ಪಿದರೂ, ಸೊಸೆ ಮನೆಯ ಮಾನಕ್ಕೆ ಯಂತ್ರಕ್ಕೇ ಬಟ್ಟೆ ಮುಚ್ಚಿದಳು ಎನ್ನುವವರಿದ್ದಾರೆ. ಏಳು ಎಂದ ಬಾಯಿಂದಲೇ ಎಂಟು ಅನ್ನಿಸಬೇಕು, ಅದೇ ಸಾಲಿನ ಮುಂದೆ. ಅದಕ್ಕೇ ನಿಮ್ಮ ಚಿಪ್ಪಿಗೆ ಕಾಯುತ್ತಿದ್ದೇನೆ. ಇಲ್ಲಿ ಸಂಜೆ ಮೋಡ ಕಂಡರೆ, ಶ್ರೀರಂಗಪಟ್ಟಣದಲ್ಲಿ ಬಿಸಿಲಿರಲಪ್ಪ ಎಂದುಕೊಳ್ಳುತ್ತೇನೆ. ಮಳೆ ಬೇಡವೆಂದು ಬೇಡಿಕೊಂಡ ಒಕ್ಕಲ ಹೆಂಗಸು ನಾನೊಬ್ಬಳೇ ಇರಬೇಕು.

ಪ್ರಮೀಳಾ


ಶ್ರೀರಂಗಪಟ್ಟಣ
೨೦ ಮೇ ೧೯೯೪

ಅಕ್ಕ,

ಅಳಿಯಿತು. ಬರೆದಾಯಿತು. ಈ ಪೌಡರ್ ಡಬ್ಬಿಯಲ್ಲಿ ಹತ್ತಿಯ ನಡುವೆ ಇರುವುದೇ ಅದು. ನಾನೇ ಬರುತ್ತಿದ್ದೆ, ಮದುವೆಯ ಕಾಲ, ಮೈಕ್‌ಸೆಟ್ ಬಿಟ್ಟು ಕದಲಲು ತಂದೆ ಬಿಡುವುದಿಲ್ಲ. ನೀವೇ ಹಾಕಿ, ಕಷ್ಟವೇನಿಲ್ಲ. ವಿದ್ಯುತ್ತಿನ ತಂತಿ ಕಿತ್ತು, ಹಳೆಯದನ್ನು ಚಮಚದ ಹಿಡಿಯಿಂದ ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಎಬ್ಬಿಸಿ. ಹೊಸದಕ್ಕೆ ಜರಿಹುಳದ ಹಾಗೆ ಸಾಲು ಕಾಲುಗಳಿವೆ, ಒಂದೂ ಮಡಚಬಾರದು. ಅದರ ತಲೆಯ ಕಡೆ ಒಂದು ಗುಳಿ ಇದೆ, ಹಳೆಯದರ ಗುಳಿ ಇದ್ದ ಕಡೆಗೇ ಅದೂ ಇರಲಿ. ಕಿಟಕಿಯ ಮೇಲೆ ನಾನು ಅಂಟಿಸಿರುವ ಕಾಗದವನ್ನು ಕೀಳಬೇಡಿ, ಬಿಸಿಲು ಬಿದ್ದರೆ ಇದೂ ಮರೆತುಹೋಗುತ್ತದೆ.

ಅಂಕಿಯ ಕೊನೆಯ ಮನೆಯನ್ನು ಆರಿಸಿಬಿಟ್ಟಿದ್ದೇನೆ. ಸಾವಿರ ಸುತ್ತಿನಲ್ಲಿ ಅದಕ್ಕೂ ಒಂದು ಅಂಕಿ ಸಿಗುತ್ತದೆ, ಆದರೆ ಹಾಲಿನ ಬಿಸಿ ಚೂರು ಹೆಚ್ಚು ಕಡಿಮೆಯಾದರೂ ಅದು ಕುಣಿಯುತ್ತದೆ. ಅದನ್ನು ನಂಬಿ ಯಾರನ್ನೂ ವಾಪಸು ಕಳಿಸುವಂತಿಲ್ಲ. ಚುಕ್ಕಿಯಾಚೆಗೆ ಒಂದೇ ಅಂಕಿ. ಅದಕ್ಕೆ ನಾನು ಜವಾಬ್ದಾರ.

ಇಲ್ಲಿ ಅಳೆದು ನೋಡಿದ್ದೇನೆ. ಆದರೂ ನಿಮ್ಮ ಕಾಗದ ಬರುವವರೆಗೆ ತಾಯಿ ಸಂಡಿಗೆ ಕರಿಯುವುದಿಲ್ಲವಂತೆ.

ಶೋಯಬ್


ಬೂಕನಕೆರೆ
೫ ಜೂನ್ ೧೯೯೪

ತಮ್ಮ ಶೋಯಬ್,

ಇನ್ನು ಮೇಲೆ ನೀನು ಎಂದೇ ಬರೆಯುತ್ತೇನೆ.

ಚಿಪ್ಪು ಹಾಕಿದೆ. ಅದರ ಕಾಲು ಒಂದೂ ಮಡಚಲಿಲ್ಲ. ಯಜಮಾನರನ್ನು ನಾಗಮಂಗಲಕ್ಕೆ ಕಳಿಸಿ, ಯಂತ್ರ ರಿಪೇರಿಯಾಗಿದೆ, ನಂಬುವುದು ಬೇಡ, ಸಾಲಿನ ಮುಂದೆ ಅತ್ತೆಯೇ ಪರೀಕ್ಷೆ ಮಾಡಲಿ ಎಂದು ಹೇಳಿಸಿದೆ. ಅಮ್ಮ ಮಗ ಒಂದೇ ಬಸ್ಸಿನಲ್ಲಿ ಬಂದರು. ಅತ್ತೆ ಇಳಿದವರೇ, ಹಸು ನೋಡೋಕ್ಕೆ ಬಂದೆ ಅಂದರು.

ಬೆಳಿಗ್ಗೆ ತಾವೇ ಕರೆದರು. ಒಣ ಚೊಂಬು ಹಿಡಿದು ಕೂತರು. ಆಮೇಲೆ ಹಸುವಿನ ಕಿವಿಯಲ್ಲಿ ಏನೋ ಹೇಳಿ ಕರೆದರು. ಅದೇ ಹಾಲನ್ನು ಡೈರಿಗೆ ತಂದು, ಕುಳ್ಳಮ್ಮನನ್ನೇ ಸಾಕ್ಷಿಗೆ ಕರೆದುಕೊಂಡು ಗೋಡೆಯ ಹಿಂದೆ ಹೋದರು. ಮೂರು ಚೊಂಬು ಮಾಡಿ ತಂದರು. ಒಂದರಲ್ಲಿ ಬರೀ ಹಾಲು, ಒಂದರಲ್ಲಿ ಒಂದು ಬೊಗಸೆ ನೀರು, ಒಂದರಲ್ಲಿ ಎರಡು. ಯಾವುದು ಯಾವುದೆಂದು ಅವರಿಬ್ಬರಿಗೆ ಮಾತ್ರ ಗೊತ್ತು. ಸಾಲಿನಲ್ಲಿ ಯಾರೂ ಮನೆಗೆ ಹೋಗಲಿಲ್ಲ.

ತಣಿಸಿದೆ. ನೊರೆ ಕೂರುವವರೆಗೆ ಕಾದೆ. ಒಂದೊಂದನ್ನೂ ಅಳೆದು ಜೋರಾಗಿ ಓದಿದೆ. ಎಂಟು ಪಾಯಿಂಟ್ ಎರಡು. ಎಂಟು ಪಾಯಿಂಟ್ ನಾಲ್ಕು. ಎಂಟು ಪಾಯಿಂಟ್ ಮೂರು. ಕುಳ್ಳಮ್ಮ ಮೂರು ಚೊಂಬನ್ನೂ ಬೆರಳಲ್ಲಿ ತೋರಿಸಿ, "ಎಲ್ಡು ಬೊಗ್ಸೆ. ಬರೀದು. ಒಂದು ಬೊಗ್ಸೆ. ಮೂರೂ ಸರಿ ಕಣ್ರೇ" ಅಂದಳು. ಎರಡು ಬೊಗಸೆಯ ಹಾಲೂ ಎಂಟರ ಮೇಲೇ ಇದೆ ಎಂಬುದು ಒಬ್ಬೊಬ್ಬರಿಗೇ ತಿಳಿಯುತ್ತ ಬಂತು.

ನಾನು ಕುರ್ಚಿಯಿಂದ ಎದ್ದೆ. ಅವತ್ತು ಇದೇ ಜಾಗದಲ್ಲಿ ಆಡಿದ ಮಾತು ತಪ್ಪು, ಅತ್ತೆಯ ಹಾಲು ಒಂದು ದಿನವೂ ನಿಯಮದ ಕೆಳಗಿರಲಿಲ್ಲ ಎಂದೆ. ಇನ್ನೂ ಹೇಳಬೇಕೆಂದಿದ್ದೆ, ಅತ್ತೆಯೇ ಕೈ ಅಡ್ಡ ಹಿಡಿದರು. ಸಾಲಿನ ಕಡೆ ತಿರುಗಿ, "ಚೊಂಬು ನೆನ್ಸೋಕೆ ನಾನು ಒಂದು ಬೊಗ್ಸೆ ಬುಡ್ತಿದ್ದೆ ಕಣ್ರವ್ವ. ನಮ್ಮತ್ತೆ ಯೋಳ್ಕೊಟ್ಟಿದ್ದು. ಕದ್ದು ಬುಟ್ಟಿಲ್ಲ" ಅಂದರು. ಆಗ ಹಿಂದಿನಿಂದ ಪಾರ್ವತಮ್ಮ, ನಾನೂ ಬುಡ್ತೀನಿ ಅಂದಳು. ಇನ್ನೊಬ್ಬಳು ನಾನೂ ಅಂದಳು. ಕುಳ್ಳಮ್ಮ ಸೆರಗು ಬಾಯಿಗೆ ಹಿಡಿದು ನಗಲು ಶುರು ಮಾಡಿದಳು. ಅವಳ ಬೊಗಸೆ ಎಷ್ಟು ದೊಡ್ಡದೆಂದು ಇಡೀ ಊರಿಗೆ ಗೊತ್ತು. ಅವಳ ಹಸುವಿನ ಹಾಲು ಗಟ್ಟಿ, ಮೆಟ್ಟಿಲಿನ ನಡುವೆ ಇತ್ತು, ಅದಕ್ಕೇ ಬಚಾವಾಗಿದ್ದಳು. ಈಗ ಎಲ್ಲರೂ ಚೊಂಬು ನೆನೆಸಿ ಬೋರಲು ಹಾಕಿ ಕರೆಯುವುದೆಂದು ಮಾತಾಗಿದೆ. ಪಾತ್ರೆ ಒಣಗಿಯೂ ಇರುವುದಿಲ್ಲ, ಬೊಗಸೆಯೂ ಉಳಿಯುವುದಿಲ್ಲ. ನಾಗಮಂಗಲದ ಸೊಸೈಟಿಯವರನ್ನು ಇನ್ನು ಕಳಿಸು. ಅತ್ತೆಯೇ ತೋರಿಸುತ್ತಾರಂತೆ. ನಿನ್ನ ತಾಯಿಗೆ ಸಂಡಿಗೆ ಕರಿಯಲು ಹೇಳು, ಅವರಿಗೆಂದು ಅತ್ತೆ ಒಂದು ಗಡಿಗೆ ತುಪ್ಪ ಎತ್ತಿಟ್ಟಿದ್ದಾರೆ.

ಜನವೆಲ್ಲ ಕರಗಿದ ಮೇಲೆ ಅತ್ತೆ ಯಂತ್ರದ ಹತ್ತಿರ ಬಂದು ಬಗ್ಗಿ ನೋಡಿದರು. ಬಂದಾಗಿನಿಂದ ನನ್ನ ಜೊತೆ ನೇರವಾಗಿ ಮಾತಾಡಿರಲಿಲ್ಲ.

"ಆ ಕೊನೇ ಮನೆ ಯಾಕವ್ವ ಕತ್ಲಾಗದೆ?"

"ಅದು ಅದಕ್ಕೆ ಸರಿಯಾಗಿ ಗೊತ್ತಾಗಲ್ವಂತೆ ಅತ್ತೆ. ಅದಕ್ಕೇ ಹೇಳಲ್ಲ."

ಅತ್ತೆ ಆ ಕತ್ತಲ ಮನೆಯನ್ನು ಬೆರಳಿನಿಂದ ಒರೆಸಿ ನೋಡಿದರು. ಆಮೇಲೆ ಖಾಲಿ ಚೊಂಬುಗಳನ್ನು ಒಂದರೊಳಗೊಂದು ಸೇರಿಸಿ ನನ್ನ ಕೈಗೆ ಕೊಟ್ಟರು.

"ಗೊತ್ತಿಲ್ದಿದ್ಕೆ ಬಾಯ್ ಮುಚ್ಕೊಂಡಿರೋದು ಕಲ್ತದೆ ಅನ್ನು. ಅಂಗಾದ್ರೆ ಇರ್ಲಿ ಮಡಿಕೊ. ನಡಿ, ಮನೇಲಿ ಒಲೆ ಅಚ್ಚಿಲ್ಲ ಇನ್ನೂ."

ನಿನ್ನ ಅಕ್ಕ
ಪ್ರಮೀಳಾ